ಮೊದಲು ಕರೆದ ಹೆಸರು



ನಮ್ಮ ಜತ್ತ ಸೀಮೆಯ ಜಾತ್ರೆಗಳಲ್ಲಿ ಖಿಲಾರಿ ಎತ್ತು ಕೊಳ್ಳುವವರನ್ನು ನೀವೆಲ್ಲ ನೋಡಿದ್ದೀರಿ. ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ತಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾಡುತ್ತಾರೆ. ಇಷ್ಟೆಲ್ಲ ಮಾಡಿ ಮನೆಗೆ ತಂದ ಎತ್ತು ನೊಗ ಕಂಡ ಕೂಡಲೆ ನೆಲಕ್ಕೆ ಮಲಗಿಬಿಟ್ಟರೆ? ಸಂತೆಯಲ್ಲಿ ಜಾಣನಾಗಿದ್ದವನ ಮುಖವನ್ನು ಆಗ ನೋಡಬೇಕು. ಇಂದು ನಾನು ಹೇಳಹೊರಟದ್ದು ಎತ್ತಿನ ಮಾತಲ್ಲ. ಮನುಷ್ಯರನ್ನು ಹೀಗೆಯೇ ಅಳೆದು ತೂಗಿ ಆರಿಸಿಕೊಂಡು, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತ ಅಮೆರಿಕದ ಫುಟ್‌ಬಾಲ್ ತಂಡಗಳ ಮಾತು.

ಬ್ಯಾಂಕಿನ ಗುಮಾಸ್ತನಿಗೆ ಈ ಉಸಾಬರಿ ಏಕೆ ಎಂದೀರಿ. 2019ರಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಮನೆಯವರೂ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ನಗರಕ್ಕೆ ಹೋಗಿದ್ದೆವು. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಪಕ್ಕದ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅವರೂ ಪಿಂಚಣಿದಾರರು, ನಾನೂ ಪಿಂಚಣಿದಾರ. ಶನಿವಾರ, ಭಾನುವಾರ ತಮ್ಮ ಟಿ.ವಿ. ಮುಂದೆ ನನ್ನನ್ನು ಕೂರಿಸಿಕೊಂಡು ಆಟ ಕಲಿಸಿದರು. ಹೆಸರು ಫುಟ್‌ಬಾಲ್ ಆದರೂ ಕಾಲಿನ ಕೆಲಸ ಕಡಿಮೆ. ಚೆಂಡು ತತ್ತಿಯಂತೆ ಉದ್ದ. ಹನ್ನೊಂದು ಜನ ಹನ್ನೊಂದು ಜನರ ಮೇಲೆ ಬಿದ್ದು, ಚೆಂಡನ್ನು ಗಜಗಜವಾಗಿ ಮುಂದೆ ಒಯ್ಯಬೇಕು. ಕ್ವಾರ್ಟರ್‌ಬ್ಯಾಕ್ ಎಂಬುವನು ಚೆಂಡು ಹಿಡಿದು, ಎರಡು ಮೂರು ಕ್ಷಣದೊಳಗೆ ಯಾರಿಗೆ ಎಸೆಯಬೇಕೆಂದು ನಿರ್ಧರಿಸಬೇಕು. ತಂಡದ ಬುದ್ಧಿಯೆಲ್ಲ ಅವನ ಕೈಯಲ್ಲಿ.

ಇನ್ನು ಆಯ್ಕೆಯ ವಿಷಯ. ಅಲ್ಲಿ ಕ್ರಿಕೆಟ್ಟಿನ ಐ.ಪಿ.ಎಲ್. ಹಾಗೆ ಲಿಲಾವು ಇಲ್ಲ. 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಕಾಲೇಜು ಹುಡುಗರಲ್ಲಿ ಮೊದಲ ಆಯ್ಕೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಯಾವ ತಂಡ ಹೆಸರು ಕರೆಯಿತೋ ಆ ಊರಿಗೆ ಹುಡುಗ ಹೋಗಬೇಕು, ವರ್ಗಾವಣೆಯ ಆರ್ಡರು ಬಂದ ಗುಮಾಸ್ತನ ಹಾಗೆ. ಬಡ ತಂಡಗಳೂ ಮೇಲೆ ಬರಲಿ ಎಂದು ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಈ ಪದ್ಧತಿ ಸೂಚಿಸಿದರು. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅಂದು ಎಲ್ಲಕ್ಕೂ ಮೊದಲು ಕರೆದ ಹೆಸರು ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಹಣದ ಮಾತು ಕುದುರಲಿಲ್ಲ. ಆತ ಒಂದು ಪಂದ್ಯವನ್ನೂ ಆಡದೆ ವ್ಯಾಪಾರಕ್ಕೆ ಇಳಿದು ಚೆನ್ನಾಗಿಯೇ ಬದುಕಿದ. ನೋಡಿ, ಬೋಣಿಗೆಯೇ ಹೀಗಾಯಿತು!

ಹೆಸರು ಕರೆಯುವ ಮೊದಲು ನಡೆಯುವ ಪರೀಕ್ಷೆಯನ್ನು ಕೇಳಿದಾಗ ನನಗೆ ಜಾತ್ರೆಯ ನೆನಪಾದದ್ದು. ಅಂಗೈ ಎಷ್ಟು ಅಗಲ, ತೋಳು ಎಷ್ಟು ಉದ್ದ, 40 ಗಜ ಓಡಲು ಎಷ್ಟು ಸೆಕೆಂಡು, ಮಲಗಿಕೊಂಡು 102 ಕಿಲೋ ಭಾರವನ್ನು ಎಷ್ಟು ಸಲ ಎತ್ತುತ್ತಾನೆ, ಎಲ್ಲ ಬರೆದುಕೊಳ್ಳುತ್ತಾರೆ. 12 ನಿಮಿಷದಲ್ಲಿ 50 ಪ್ರಶ್ನೆಗಳ ಬುದ್ಧಿ ಪರೀಕ್ಷೆಯೂ ಇತ್ತು. ಅದನ್ನು 2022ರಲ್ಲಿ ಕೈಬಿಟ್ಟರು. 1989ರಲ್ಲಿ ಗ್ರೀನ್ ಬೇ ತಂಡ ಎರಡನೆಯ ಸರದಿಯಲ್ಲಿ ಟೋನಿ ಮ್ಯಾಂಡರಿಚ್ ಎಂಬ ಬೆಟ್ಟದಂಥ ಹುಡುಗನನ್ನು ಆರಿಸಿತು. ಆ ವರ್ಷ ಒಂದು, ಮೂರು, ನಾಲ್ಕು, ಐದನೆಯವರಾಗಿ ಆಯ್ಕೆಯಾದ ನಾಲ್ವರೂ ಮುಂದೆ ಆ ಆಟದ ಕೀರ್ತಿಭವನಕ್ಕೆ ಸೇರಿದರು. ನಡುವಿನ ಈತನೊಬ್ಬನೇ ಉಳಿದ. ಆ ಮೈಕಟ್ಟಿನಲ್ಲಿ ಔಷಧದ ಪಾಲೂ ಇತ್ತೆಂದು ಆತನೇ 2008ರಲ್ಲಿ ಒಪ್ಪಿಕೊಂಡ. ಟೇಪು ಹಿಡಿದು ಅಳೆದವರಿಗೆ ಅಳತೆ ಸಿಕ್ಕಿತ್ತು, ಅಷ್ಟೇ.

ಆದರೆ ನಮ್ಮ ಅಂಚೆಯವರ ಎದೆಯಲ್ಲಿ ಮುಳ್ಳಾಗಿ ಉಳಿದ ಹೆಸರು ಬೇರೆ. ರಯಾನ್ ಲೀಫ್. ಆ ಹೆಸರು ಎತ್ತಿದರೆ ಅವರು ಕಾಫಿಯ ಬಟ್ಟಲು ಕೆಳಗಿಡುತ್ತಿದ್ದರು.

1998ರ ಡ್ರಾಫ್ಟಿನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಎಲ್ಲರ ಬಾಯಲ್ಲಿತ್ತು. ಪೇಟನ್ ಮ್ಯಾನಿಂಗ್ ಒಬ್ಬ, ಮೊಂಟಾನಾ ಕಡೆಯ ಲೀಫ್ ಇನ್ನೊಬ್ಬ. ಯಾರು ಹೆಚ್ಚು ಎಂದು ಬಲ್ಲವರಲ್ಲೇ ವಾದವಿತ್ತು. ಇಂಡಿಯಾನಾಪೊಲಿಸ್ ಮ್ಯಾನಿಂಗನನ್ನು ಕರೆಯಿತು. ಮೂರನೆಯ ಸರದಿಯಲ್ಲಿದ್ದ ಸ್ಯಾನ್ ಡಿಯೇಗೋ ಚಾರ್ಜರ್ಸ್ ಒಂದು ಮೆಟ್ಟಿಲು ಮೇಲೇರಿ ಲೀಫನನ್ನು ಪಡೆಯಲು ಅರಿಜೋನಾಕ್ಕೆ ಏನೇನು ಕೊಟ್ಟಿತು ಗೊತ್ತೆ? ತನ್ನ ಮೂರನೆಯ ಸರದಿ, ಅದೇ ವರ್ಷದ ಎರಡನೆಯ ಸುತ್ತಿನ ಸರದಿ, ಮರುವರ್ಷದ ಮೊದಲ ಸುತ್ತಿನ ಸರದಿ, ಮೇಲೆ ಇಬ್ಬರು ಆಟಗಾರರು. ಸಹಿ ಹಾಕಿದ್ದಕ್ಕೇ ಹುಡುಗನಿಗೆ 1 ಕೋಟಿ 12 ಲಕ್ಷ 50 ಸಾವಿರ ಡಾಲರ್. ವಯಸ್ಸು ಆಗ ಇಪ್ಪತ್ತೆರಡು.

ಮೊದಲೆರಡು ಪಂದ್ಯ ಗೆದ್ದರು. ಮೂರನೆಯದು ಕಾನ್ಸಾಸ್ ಸಿಟಿಯಲ್ಲಿ. ಲೀಫ್ ಎಸೆದ 15 ಚೆಂಡುಗಳಲ್ಲಿ ತನ್ನವರ ಕೈ ಸೇರಿದ್ದು ಒಂದೇ ಒಂದು, ಅದರಿಂದ ಬಂದದ್ದು ನಾಲ್ಕು ಗಜ. ಮರುದಿನ ಉಡುಪಿನ ಕೋಣೆಯಲ್ಲಿ ಒಬ್ಬ ಪತ್ರಕರ್ತನ ಮೇಲೆ ಕೂಗಾಡಿದ. ಅದು ಕ್ಯಾಮೆರಾದಲ್ಲಿ ಸೆರೆಯಾಗಿ ದೇಶವೆಲ್ಲ ನೋಡಿತು. ಸೋಲನ್ನು ಮರೆಯುತ್ತಿದ್ದರೋ ಏನೋ, ಕೂಗಾಟವನ್ನು ಮಾತ್ರ ಯಾರೂ ಮರೆಯಲಿಲ್ಲ. ಮರುವರ್ಷವೆಲ್ಲ ಭುಜದ ಪೆಟ್ಟು. 2000ದಲ್ಲಿ ತಂಡ ಒಂದು ಗೆದ್ದು ಹದಿನೈದು ಸೋತಿತು. 2001ರಲ್ಲಿ ಚಾರ್ಜರ್ಸ್ ಅವನನ್ನು ಬಿಟ್ಟುಕೊಟ್ಟಿತು. ಬೇರೆ ತಂಡಗಳ ಬಾಗಿಲು ತಟ್ಟಿ, 26ನೆಯ ವಯಸ್ಸಿಗೆ ಆಟವೇ ಮುಗಿಯಿತು.

ಈಗ ಇನ್ನೊಂದು ಲೆಕ್ಕ ಹೇಳುತ್ತೇನೆ. ಮೊದಲನೆಯ ವರ್ಷ ಮ್ಯಾನಿಂಗ್ ಎಸೆದ 28 ಚೆಂಡುಗಳು ಎದುರಾಳಿಗಳ ಕೈಗೆ ಹೋದವು. ತಂಡ ಮೂರು ಗೆದ್ದು ಹದಿಮೂರು ಸೋತಿತು. ಆದರೂ ಹದಿನಾರೂ ಪಂದ್ಯಗಳಲ್ಲಿ ಅವನನ್ನೇ ಇಳಿಸಿದರು. ಮರುವರ್ಷ ಹದಿಮೂರು ಗೆದ್ದು ಮೂರು ಸೋತರು. ಮುಂದೆ ಆತ ಐದು ಸಲ ವರ್ಷದ ಅತ್ಯುತ್ತಮ ಆಟಗಾರನಾದ. ನಾನು ಇದನ್ನು ಹೇಳಿದಾಗ ಅಂಚೆಯವರು ಸಿಟ್ಟಾದರು. “ಮ್ಯಾನಿಂಗ್ ಸೋತ ರಾತ್ರಿ ಪಾಠ ಓದುತ್ತಿದ್ದ, ನಮ್ಮವನು ಕೂಗಾಡುತ್ತಿದ್ದ” ಎಂದರು. ಇರಬಹುದು. ತಪ್ಪು ತನ್ನದೇ ಎಂದು ಲೀಫ್ ಕೂಡ ಆಮೇಲೆ ಒಪ್ಪಿದ್ದಾನೆ. ಆದರೂ ನನ್ನ ಅನುಮಾನ ಹೋಗಲಿಲ್ಲ. ಇಪ್ಪತ್ತೆರಡರ ಹುಡುಗನ ಕೈಗೆ ಒಂದು ಕೋಟಿ ಕೊಡುವ ಮೊದಲು ಅವನ ಅಂಗೈ ಅಳೆದವರು, ಸೋತ ದಿನ ಅವನು ಹೇಗಿರುತ್ತಾನೆ ಎಂದು ಸಾಕಷ್ಟು ವಿಚಾರಿಸಿದ್ದರೆ?

ಬ್ಯಾಂಕಿನಲ್ಲಿಯೂ ಇದೇ ಕಥೆ. ಕಾಗದ ಪತ್ರ ಚೊಕ್ಕ, ಜಾಮೀನು ಗಟ್ಟಿ, ಸಾಲ ಮಂಜೂರು. ಕಂತು ನಿಂತಾಗ ಆ ಸಾಲ ಉಳಿಸಲು ಇನ್ನೊಂದು ಸಾಲ. ಮಂಜೂರು ಮಾಡಿದ ಸಾಹೇಬರ ಮಾನದ ಪ್ರಶ್ನೆ ನೋಡಿ! ತಂಡಗಳೂ ಹಾಗೆಯೇ: ಇಷ್ಟು ಕೊಟ್ಟು ತಂದೆವಲ್ಲ ಎಂದು ಆಡಿಸುತ್ತವೆ. ಓಕ್ಲೆಂಡ್ ರೇಡರ್ಸ್ 2007ರಲ್ಲಿ ಮೊದಲನೆಯವನಾಗಿ ಆರಿಸಿದ ಜಮಾರ್ಕಸ್ ರಸಲ್‌ನನ್ನು 25 ಪಂದ್ಯಗಳಲ್ಲಿ ಮೊದಲಿಂದಲೇ ಇಳಿಸಿತು. ಗೆದ್ದದ್ದು ಏಳು. 2010ರಲ್ಲಿ ಬಿಟ್ಟುಬಿಟ್ಟರು.

ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಪಂಡಿತರು ಈ ಆಯ್ಕೆಗಳ ಜಮಾಖರ್ಚನ್ನೇ ತೆಗೆದು ನೋಡಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡದ್ದೇನು? ಒಂದೇ ಜಾಗಕ್ಕೆ ಮೊದಲು ಆರಿಸಿದವನು, ಅವನ ನಂತರ ಆರಿಸಿದವನಿಗಿಂತ ಚೆನ್ನಾಗಿ ಆಡುವ ಸಂಭವ ನೂರಕ್ಕೆ 52. ನಾಣ್ಯ ಚಿಮ್ಮಿದರೂ 50 ಬರುತ್ತದಲ್ಲ! ಆ ಎರಡರ ಸಲುವಾಗಿ ತಂಡಗಳು ಮನೆಮಾರು ಒತ್ತೆ ಇಡುತ್ತವೆ. ಇಂದಿನ ಸರದಿಗಾಗಿ ಮುಂದಿನ ವರ್ಷದ ಸರದಿ ಕೊಡುವಾಗ ಅವು ತೆರುವ ಬಡ್ಡಿಯನ್ನೂ ಇವರು ಲೆಕ್ಕ ಹಾಕಿದರು. ವರ್ಷಕ್ಕೆ ನೂರಕ್ಕೆ ನೂರನ್ನೂ ಮೀರಿದ ಬಡ್ಡಿ! ನಮ್ಮ ಊರ ಸಾವುಕಾರರು ಕೇಳಿದರೆ ನಾಚಿಕೊಂಡಾರು.

ಕಡೆಗೆ ಒಡೆಯರು ಎಚ್ಚೆತ್ತರು, ಆದರೆ ಪಗಾರದ ಮಟ್ಟಿಗೆ ಮಾತ್ರ. 2010ರ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆಡಲಿ ಬಿಡಲಿ 5 ಕೋಟಿ ಡಾಲರ್ ಖಾತ್ರಿಯಿತ್ತು. 2011ರಲ್ಲಿ ಹೊಸ ಒಪ್ಪಂದವಾಗಿ, ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 2 ಕೋಟಿ 20 ಲಕ್ಷವಷ್ಟೇ. ತಂಡದ ನಷ್ಟ ಇಳಿಯಿತು.

ತಂಡದ ನಷ್ಟ ಬೇಗ ತುಂಬುತ್ತದೆ ಕೂಡ. ಲೀಫ್ ಹೋದ ಎರಡೇ ತಿಂಗಳಲ್ಲಿ, 2001ರ ಡ್ರಾಫ್ಟಿನಲ್ಲಿ ಇದೇ ಚಾರ್ಜರ್ಸ್‌ಗೆ ಲಡೇನಿಯನ್ ಟಾಮ್ಲಿನ್‌ಸನ್ ಸಿಕ್ಕ. 32ನೆಯವನಾಗಿ, ಗಿಡ್ಡನೆಂದು ಹಲವರು ಹಿಂಜರಿದಿದ್ದ ಡ್ರೂ ಬ್ರೀಸ್ ಸಿಕ್ಕ. ಬ್ಯಾಂಕು ಕೆಟ್ಟ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದ ಹಾಗೆ. ಆದರೆ ಸಾಲಗಾರನ ಹೆಸರು ಪಟ್ಟಿಯಲ್ಲಿ ಉಳಿಯುತ್ತದಲ್ಲ, ಅದು? ಪ್ರತಿ ವರ್ಷ ಏಪ್ರಿಲ್ ಬಂದರೆ ಅಮೆರಿಕದ ಪತ್ರಿಕೆಗಳು ಹುಸಿಹೋದ ಆಯ್ಕೆಗಳ ಪಟ್ಟಿ ಹಾಕುತ್ತವೆ, ಲೀಫ್ ಅದರಲ್ಲಿ ಮೊದಲಿಗ. ಆತ ನೋವಿನ ಗುಳಿಗೆಗಳ ಚಟಕ್ಕೆ ಬಿದ್ದ. ಅವುಗಳಿಗಾಗಿ ಪರರ ಮನೆಗೆ ನುಗ್ಗಿದ. 2012ರಲ್ಲಿ ಮೊಂಟಾನಾದಲ್ಲಿ ತಪ್ಪೊಪ್ಪಿ ಸೆರೆಮನೆ ಸೇರಿದ, ಹೊರಬಂದದ್ದು 2014ರ ಡಿಸೆಂಬರಿನಲ್ಲಿ. ಆಮೇಲೆ ಚಟ ಬಿಡಿಸುವ ಕೆಲಸಕ್ಕೆ ನಿಂತು, ತನ್ನ ಕಥೆಯನ್ನೇ ಊರೂರಿನಲ್ಲಿ ಹೇಳಿದ.

ನಾನಿದ್ದ ಆ 2019ರಲ್ಲೇ ಇ.ಎಸ್.ಪಿ.ಎನ್. ವಾಹಿನಿ ಅವನನ್ನು ಕಾಲೇಜು ಪಂದ್ಯಗಳ ವಿಶ್ಲೇಷಕನಾಗಿ ತೆಗೆದುಕೊಂಡಿತ್ತು. ಒಂದು ಶನಿವಾರ ಟಿ.ವಿ.ಯಲ್ಲಿ ದಪ್ಪ ದನಿಯೊಂದು, ಕ್ವಾರ್ಟರ್‌ಬ್ಯಾಕ್ ಹುಡುಗ ಎಲ್ಲಿ ನೋಡಬೇಕಿತ್ತು, ಎಲ್ಲಿ ನೋಡಿದ ಎಂದು ಬಿಡಿಸಿ ಹೇಳುತ್ತಿತ್ತು. ಯಾರಿದು ಎಂದೆ. ಅಂಚೆಯವರು ಹೆಸರು ಹೇಳಿದರು. ಅಂದು ಬಟ್ಟಲು ಕೆಳಗಿಡಲಿಲ್ಲ. ಒಳಗೆ ಕೂಸು ಅಳುತ್ತಿದೆಯೆಂದು ಮಗಳು ಬೇಲಿಯಾಚೆಯಿಂದ ಕರೆದಳು. ನಾನು ಎದ್ದೆ. ಬಾಗಿಲು ದಾಟುವಾಗ ಹಿಂದಿನಿಂದ ಕೇಳಿಸಿತು, ಅವರು ಟಿ.ವಿ.ಯ ದನಿ ಸ್ವಲ್ಪ ಏರಿಸಿದ್ದರು.