ಉಪ್ಪಿನ ಋಣ

(ಅಂಕೋಲಾದಲ್ಲಿ ಜರಗಿದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸುವುದು ಮತ್ತು ನಮ್ಮ ವಿಶ್ವಾಸವನ್ನು ಇತರರೊಂದಿಗೆ ಹಂಚಿಕೊಳ್ಳುವುದು ಎಂಬ ಎರಡು ವಿಷಯಗಳನ್ನು ಸಂಘಟಕರು ನನಗೆ ಒಪ್ಪಿಸಿದ್ದಾರೆ. ಮೇಲ್ನೋಟಕ್ಕೆ ಇವು ಎರಡು ಭಾಷಣಗಳ ವಿಷಯಗಳೆಂದು ತೋರಬಹುದು. ಆದರೆ ಇವೆರಡೂ ಒಂದೇ ಬೇರಿನವು ಎಂಬುದು ನನ್ನ ನಂಬಿಕೆ. ಅದಕ್ಕೆ ಈ ಊರಿಗಿಂತ ಯೋಗ್ಯವಾದ ಸ್ಥಳ ಇನ್ನೊಂದಿಲ್ಲ. ಏಕೆಂದರೆ ಇದು ಉಪ್ಪಿನ ಊರು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇದೇ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಸಮುದ್ರ ದೇವನದು, ಬಿಸಿಲು ದೇವನದು, ಇವೆರಡರಿಂದ ಹುಟ್ಟುವ ಉಪ್ಪಿಗೆ ತೆರಿಗೆ ವಿಧಿಸಲು ನೀನು ಯಾರು ಎಂದು ಆ ಜನರು ಒಂದು ಸಾಮ್ರಾಜ್ಯವನ್ನೇ ಕೇಳಿದರು. ಆ ಬಳಿಕದ ಕರ ನಿರಾಕರಣೆಯ ಚಳವಳಿಯಲ್ಲಿ ಈ ತಾಲೂಕಿನ ಎಷ್ಟೋ ರೈತರು ಹೊಲ ಮನೆಗಳನ್ನೇ ಕಳೆದುಕೊಂಡರು.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ಕನ್ನಡಿಗರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳನ್ನು ಗದರಿಸುವಾಗ 'ನಮಕ್ ಹರಾಮ್' ಎನ್ನುತ್ತಾರೆ. ಭಾಷೆ ಬೇರೆ, ಉಪ್ಪು ಒಂದೇ. ಕೃತಘ್ನತೆಯನ್ನು ಉಪ್ಪಿನಿಂದ ಅಳೆಯುವುದರಲ್ಲಿ ನಾವೂ ನಮ್ಮ ನೆರೆಯವರೂ ಒಂದಾಗಿದ್ದೇವೆ.

ಈಗ ಕುರ್‌ಆನಿನ ಒಂದು ಪದವನ್ನು ನೋಡೋಣ. ಮದ್ರಸದಲ್ಲಿ ನಮಗೆ ಅರಬಿ ವ್ಯಾಕರಣ ಕಲಿಸುತ್ತಿದ್ದ ಉಸ್ತಾದರು ಒಂದು ದಿನ, 'ಕುಫ್ರ್ ಎಂದರೇನು?' ಎಂದು ಕೇಳಿದರು. ಸತ್ಯನಿಷೇಧ ಎಂದು ನಾವೆಲ್ಲ ಒಕ್ಕೊರಲಿನಿಂದ ಉತ್ತರಿಸಿದೆವು. ಅವರು ತಲೆಯಾಡಿಸಿ, ಅದು ಆಮೇಲಿನ ಅರ್ಥ, ಮೂಲದಲ್ಲಿ ಆ ಧಾತುವಿಗೆ 'ಮುಚ್ಚುವುದು' ಎಂಬ ಅರ್ಥವಿದೆ ಎಂದರು. ಅಲ್ ಹದೀದ್ ಅಧ್ಯಾಯದ 20ನೇ ಸೂಕ್ತದಲ್ಲಿ ಇದೇ ಧಾತುವಿನ ಪದವನ್ನು ರೈತರಿಗೆ ಬಳಸಲಾಗಿದೆ ಎಂದು ಅನೇಕ ವ್ಯಾಖ್ಯಾನಕಾರರು ವಿವರಿಸಿದ್ದಾರೆ; ರೈತನು ಬೀಜವನ್ನು ಮಣ್ಣಿನಲ್ಲಿ ಮುಚ್ಚುವವನಲ್ಲವೇ? ಕುರ್‌ಆನ್ ಅನೇಕ ಕಡೆ 'ಶುಕ್ರ್'ಗೆ ಎದುರಾಗಿ 'ಕುಫ್ರ್' ಅನ್ನು ನಿಲ್ಲಿಸುತ್ತದೆ. ಅಂದರೆ ಪಡೆದ ಅನುಗ್ರಹವನ್ನು ಮುಚ್ಚಿಡುವುದು ಕೃತಘ್ನತೆ. ಅದನ್ನು ಪ್ರಕಟಪಡಿಸುವುದು ಕೃತಜ್ಞತೆ. ಅದ್ದುಹಾ ಅಧ್ಯಾಯದ ಕೊನೆಯಲ್ಲಿ ಅನಾಥನಾಗಿದ್ದ, ದಾರಿ ಅರಸುತ್ತಿದ್ದ ಪ್ರವಾದಿಯವರಿಗೆ(ಸ) ತಾನು ಮಾಡಿದ ಉಪಕಾರಗಳನ್ನು ನೆನಪಿಸಿದ ಅಲ್ಲಾಹನು, ಆ ಅನುಗ್ರಹವನ್ನು ಜನರಿಗೆ ತಿಳಿಸುವಂತೆ ಆಜ್ಞಾಪಿಸುತ್ತಾನೆ.

ಹಾಗಾದರೆ ನಮಗೆ ದೊರೆತಿರುವ ಅತಿ ದೊಡ್ಡ ಅನುಗ್ರಹ ಯಾವುದು? ಕಾರವಾರದಲ್ಲಿ ಕಟ್ಟಿದ ಮನೆಯೇ? ಮಗನಿಗೆ ದೊರೆತ ಗಲ್ಫಿನ ನೌಕರಿಯೇ? ಈಮಾನ್ ಎಂದು ನಾವೆಲ್ಲರೂ ಹೇಳುತ್ತೇವೆ. ಹಾಗಿದ್ದರೆ ಅತಿ ದೊಡ್ಡದನ್ನೇ ಮುಚ್ಚಿಟ್ಟು ಉಳಿದುದಕ್ಕೆಲ್ಲ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಿದ್ದೇವಲ್ಲ, ಇದು ಎಂತಹ ಲೆಕ್ಕಾಚಾರ!

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಪಕ್ಕದ ಮನೆಯ ಹೆಂಗಸು ಇಪ್ಪತ್ತು ವರ್ಷಗಳಿಂದ ನಮ್ಮ ತಾಯಿಯ ಗೆಳತಿ. ಈದ್‌ಗೆ ಇಲ್ಲಿಂದ ಶೀರ್ ಖುರ್ಮಾ, ಚೌತಿಗೆ ಅಲ್ಲಿಂದ ಚಕ್ಕುಲಿ. ಒಮ್ಮೆ ಅವರು, "ಅಕ್ಕಾ, ಉಂಡೆದ್ದ ಮೇಲೆ ನೀವು ಏನೋ ಹೇಳಿಕೊಳ್ಳುತ್ತೀರಲ್ಲ, ಏನದು?" ಎಂದು ಕೇಳಿದರು. ತಾಯಿ ತಡವರಿಸಿ, "ಅದು ಅರಬಿ, ನಮ್ಮ ಹುಡುಗ ಬಂದಾಗ ಕೇಳು" ಎಂದುಬಿಟ್ಟರು. ಉಣಿಸಿದವನಿಗೆ, ಕುಡಿಸಿದವನಿಗೆ ಸ್ತುತಿ ಎಂಬ ಸರಳವಾದ ಮಾತದು. ಅದನ್ನು ಹೇಳಲು ಮೌಲವಿಯ ಪದವಿ ಬೇಕಿರಲಿಲ್ಲ. ಇಪ್ಪತ್ತು ವರ್ಷ ತಿಂಡಿ ಹಂಚಿಕೊಂಡ ಎರಡು ಮನೆಗಳ ನಡುವೆ ಆ ಒಂದು ವಾಕ್ಯ ದಾಟಿರಲಿಲ್ಲ! ನನ್ನ ತಾಯಿಯನ್ನು ನಾನು ದೂರುತ್ತಿಲ್ಲ. ಧರ್ಮದ ಮಾತು ಮಿಂಬರಿನ ಮೇಲೆ ನಿಂತವರಿಗೆ ಮಾತ್ರ ಸೇರಿದ್ದೆಂದು ಅವರಿಗೆ ಕಲಿಸಿದವರು ನಾವೇ.

ಇನ್ನು ನನ್ನ ಸ್ವಂತ ತಪ್ಪನ್ನೂ ಹೇಳಲೇಬೇಕು. ಮದ್ರಸದಿಂದ ಹೊರಬಂದ ಹೊಸದರಲ್ಲಿ ಕಾರವಾರ–ಅಂಕೋಲಾ ಬಸ್ಸಿನಲ್ಲಿ ದಿನವೂ ಜೊತೆಯಾಗುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರು ಏಕದೇವತ್ವದ ಕುರಿತು ಏನೋ ಕೇಳಿದರು. ನಾನು ಅಂಕೋಲಾ ಬರುವವರೆಗೂ ವಾದಿಸಿದೆ. ಅವರ ಪ್ರತಿಯೊಂದು ಮಾತನ್ನೂ ಕತ್ತರಿಸಿದೆ. ಗೆದ್ದೆನೆಂಬ ಹೆಮ್ಮೆಯಿಂದ ಬಸ್ಸಿಳಿದೆ. ಮರುದಿನದಿಂದ ಅವರು ಬೇರೆ ಸೀಟಿನಲ್ಲಿ ಕುಳಿತುಕೊಳ್ಳತೊಡಗಿದರು. ಆಮೇಲೆ ಕಾಲೇಜಿನಲ್ಲಿ ಕನ್ನಡ ಸಾಹಿತ್ಯ ಓದುವಾಗಲಷ್ಟೇ ಅವರು ಕೇಳಿದ್ದ ಪ್ರಶ್ನೆಯ ಹಿಂದೆ ಎಂತಹ ಓದಿತ್ತು ಎಂಬುದು ನನಗೆ ಅರ್ಥವಾಯಿತು. ಆಗ ಕ್ಷಮೆ ಕೇಳಲು ಅವರು ಬಸ್ಸಿನಲ್ಲಿ ಬರುತ್ತಿರಲಿಲ್ಲ.

ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಅರ್ಥದ ಪ್ರವಾದಿ ವಚನವಿದೆ. ಆ ಅರ್ಥದಲ್ಲಿ ನಮ್ಮ ಮೇಲೆ ಯಾರ ಋಣವಿದೆ ಎಂದು ಈ ಜಿಲ್ಲೆಯಲ್ಲೇ ನೋಡಬಹುದು. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಚಹಾದಂಗಡಿಯ ಒಂದು ಕುಟುಂಬವೇ ಕೊಚ್ಚಿಹೋಯಿತು. ಗಂಗಾವಳಿಯ ಆಚೆ ದಡದ ಉಳುವರೆಯ ಮನೆಗಳನ್ನೂ ಅಲೆ ಬಡಿಯಿತು. ಕೇರಳದ ಲಾರಿ ಚಾಲಕನೊಬ್ಬನ ಶವಕ್ಕಾಗಿ ಹುಡುಕಾಟ ನಡೆದು, 72ನೇ ದಿನ, ಸೆಪ್ಟೆಂಬರ್ 25ರಂದು ಲಾರಿಯೊಳಗೆ ಅದು ಸಿಕ್ಕಿತು. ಮಲ್ಪೆಯ ಈಶ್ವರ್ ಮಲ್ಪೆಯವರು ಆ ಕೆಸರು ಹೊಳೆಯಲ್ಲಿ ಮುಳುಗಿ ಮುಳುಗಿ ಹುಡುಕಿದರು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಮೀನುಗಾರರೂ ಪೊಲೀಸರೂ ಸೇರಿ ಕತ್ತಲೆಯಲ್ಲೇ ತಮಿಳುನಾಡಿನ ಆ ಚಾಲಕನನ್ನು ಜೀವಂತ ದಡ ಸೇರಿಸಿದರು. ಹೊಳೆಗೆ ಇಳಿಯುವ ಮುನ್ನ ಬಿದ್ದವನ ಜಾತಿ ಯಾವುದೆಂದು ಅವರು ವಿಚಾರಿಸಲಿಲ್ಲ. ಒಂದು ಜೀವವನ್ನು ಉಳಿಸಿದವನು ಮನುಕುಲವನ್ನೇ ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು ವೇದಿಕೆಗಳಲ್ಲಿ ಸಾರುವವರು ನಾವು. ಆ ರಾತ್ರಿ ಅದನ್ನು ಮಾಡಿ ತೋರಿಸಿದ ಮೀನುಗಾರರ ಮನೆಗೆ ಹೋಗಿ, ನಿಮ್ಮ ಈ ಕಾರ್ಯದ ಬಗ್ಗೆ ನಮ್ಮ ಗ್ರಂಥ ಹೀಗೆ ಹೇಳುತ್ತದೆ ಎಂದು ತಿಳಿಸಿದವರು ನಮ್ಮಲ್ಲಿ ಎಷ್ಟು ಮಂದಿ? ವಿಶ್ವಾಸವನ್ನು ಹಂಚಿಕೊಳ್ಳಲು ಅದಕ್ಕಿಂತ ಸಹಜವಾದ ಸಂದರ್ಭ ಇನ್ನಾವುದಿದ್ದೀತು?

ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೀವೆಲ್ಲ ಬಲ್ಲಿರಿ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಮಹಿಳೆ, ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಕೂಲಿಯಾಗಿ ದುಡಿದವರು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು; 2024ರ ಡಿಸೆಂಬರ್ 16ರಂದು ಅಗಲಿದರು. ಗಿಡ ನೆಟ್ಟವನಿಗೆ ಅದರಿಂದ ಹಕ್ಕಿ ತಿಂದರೂ ಮನುಷ್ಯ ತಿಂದರೂ ದಾನದ ಪುಣ್ಯವಿದೆ ಎಂಬ ಹದೀಸ್ ನಮ್ಮ ನಾಲಿಗೆಯ ತುದಿಯಲ್ಲಿದೆ. ನಮ್ಮ ಮಸೀದಿಗಳ ಅಂಗಳದಲ್ಲಿ ಎಷ್ಟು ಗಿಡಗಳಿವೆ? ಇಂಟರ್‌ಲಾಕ್ ಹಾಕಿ ಇದ್ದ ಮಣ್ಣನ್ನೂ ಮುಚ್ಚಿದ್ದೇವೆ. ದಾವೂದರ(ಅ) ಮನೆತನದವರಿಗೆ, ಕೃತಜ್ಞತೆಯ ರೂಪದಲ್ಲಿ ಕೆಲಸ ಮಾಡಿರಿ ಎಂಬ ಆದೇಶವಿತ್ತೇ ಹೊರತು ಬಾಯಿಮಾತಿನಲ್ಲಿ ಮುಗಿಸಿರಿ ಎಂದಲ್ಲ. ರಾತ್ರಿಯಿಡೀ ನಿಂತು ಪಾದಗಳು ಬಾತುಕೊಂಡ ಪ್ರವಾದಿಯವರನ್ನು(ಸ) ಕಂಡು, ನಿಮ್ಮ ಪಾಪಗಳೆಲ್ಲ ಕ್ಷಮಿಸಲ್ಪಟ್ಟಿರುವಾಗ ಇಷ್ಟು ಶ್ರಮವೇಕೆ ಎಂದು ಹಝ್ರತ್ ಆಯಿಶಾ(ರ) ಕೇಳಿದಾಗ, ನಾನು ಕೃತಜ್ಞ ದಾಸನಾಗಬಾರದೇ ಎಂಬುದು ಅವರ ಮರುಪ್ರಶ್ನೆಯಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೃತಜ್ಞತೆಯೆಂದರೆ ಅನ್ಯಾಯದ ಎದುರು ಬಾಯಿ ಮುಚ್ಚಿಕೊಳ್ಳುವುದಲ್ಲ. ಸೀಬರ್ಡ್ ನೌಕಾನೆಲೆಗಾಗಿ ಹೊಲ ಮನೆ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದವು. ಅವರಿಗೆ 'ಇದ್ದುದಕ್ಕೆ ಶುಕ್ರ್ ಮಾಡಿ' ಎಂದು ಉಪದೇಶಿಸುವುದು ಧರ್ಮವಲ್ಲ. ಮುಟ್ಟುಗೋಲು ಹಾಕಿಕೊಂಡಿದ್ದ ಅದಿರು 2010ರಲ್ಲಿ ಇಲ್ಲೇ ಬೇಲೆಕೇರಿ ಬಂದರಿನಿಂದ ನಾಪತ್ತೆಯಾಯಿತು. ಭೂಮಿಯೊಳಗಿನ ಅನುಗ್ರಹವನ್ನು ಕದ್ದು ಮಾರುವುದೂ ಕುಫ್ರಾನೇ ನಿಅಮತ್ ಆಗಿದೆ. ಅದನ್ನು ಪ್ರಶ್ನಿಸುವುದು ಶುಕ್ರ್‌ನ ಭಾಗ.

ಕೊನೆಯದಾಗಿ ಕಾನೂನಿನ ಭಯದ ಕುರಿತು. ಧರ್ಮದ ಮಾತೆತ್ತಿದರೆ ಕೇಸು ಬೀಳುತ್ತದೆ ಎಂದು ಯುವಕರು ಹೇಳುತ್ತಾರೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ಸಂಬಂಧಿ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಇದರ ರಾಜಕೀಯ ಏನೇ ಇರಲಿ, ಸಂವಿಧಾನದ 25ನೇ ವಿಧಿಯಲ್ಲಿ 'ಪ್ರಚಾರ' ಎಂಬ ಪದ ಸುಮ್ಮನೆ ಬಂದು ಕುಳಿತಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಕೈಬಿಡಬೇಕೆಂಬ ವಾದವೂ ಬಂದಿತ್ತು. ಉಳಿಸಬೇಕೆಂದು ವಾದಿಸಿದವರಲ್ಲಿ ಕೆ.ಎಂ. ಮುನ್ಶಿಯವರಿದ್ದರು. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕಿದೆ, ಇನ್ನೊಬ್ಬನನ್ನು ಮತಾಂತರಿಸುವ ಮೂಲಭೂತ ಹಕ್ಕಿಲ್ಲ ಎಂದು ತೀರ್ಪಿತ್ತಿತು. ಈ ತೀರ್ಪಿನ ಬಗ್ಗೆ ಅನೇಕರಿಗೆ ಅಸಮಾಧಾನವಿದೆ. ನನಗಂತೂ ಅದರಿಂದ ನಮ್ಮ ಕೆಲಸಕ್ಕೆ ತೊಡಕು ಕಾಣುವುದಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಸಾರಿದ ಗ್ರಂಥ ನಮ್ಮದು. ನೀವು ನೆನಪಿಸುವವರು ಮಾತ್ರ, ಅವರ ಮೇಲಿನ ಅಧಿಕಾರಿಯಲ್ಲ ಎಂದು ಸ್ವತಃ ಪ್ರವಾದಿಯವರಿಗೇ(ಸ) ತಿಳಿಸಲಾಗಿರುವಾಗ ಬಸ್ಸಿನಲ್ಲಿ ವಾದ ಗೆಲ್ಲಲು ಹೊರಟ ನನ್ನಂಥವರಿಗೆ ಯಾವ ಅಧಿಕಾರ? ಹೃದಯ ತಿರುಗಿಸುವುದು ಅವನ ಕೆಲಸ.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಾಗಿ ಹಾಕಿ ನೆರೆಯವರಿಗೂ ಕೊಡುವಂತೆ ಪ್ರವಾದಿಯವರು(ಸ) ಅಬೂದರ್ರ್(ರ) ಅವರಿಗೆ ಹೇಳಿದ್ದರು. ಈ ಕರಾವಳಿಯಲ್ಲಿ ಅದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಅಂದಹಾಗೆ, ನನ್ನ ತಾಯಿ ಕಳೆದ ರಮಝಾನಿನಲ್ಲಿ ಪಕ್ಕದ ಮನೆಗೆ ಇಫ್ತಾರಿನ ತಟ್ಟೆ ಕೊಂಡುಹೋದಾಗ ಆ ದುಆದ ಅರ್ಥವನ್ನು ತಮಗೆ ಬರುವ ಕನ್ನಡದಲ್ಲಿ ಹೇಳಿ ಬಂದರಂತೆ. ಆಕೆ ಕೇಳಿ, "ಅಷ್ಟೇಯಾ? ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತಾ ಅಕ್ಕಾ?" ಎಂದು ನಕ್ಕರಂತೆ.

ಮಗ್ರಿಬ್‌ನ ಸಮಯವಾಯಿತು. ನನ್ನ ಮಾತುಗಳನ್ನು ಇಲ್ಲಿಗೆ ನಿಲ್ಲಿಸುತ್ತೇನೆ.