ಗುರುವಾರದ ಗಾಣಗಾಪುರ, ಮಂಗಳವಾರದ ಆಸ್ಪತ್ರೆ



ಮನೋವೈದ್ಯನನ್ನು ಕರೆದು ದೇವಸ್ಥಾನದ ಬಗ್ಗೆ ಮಾತಾಡಿ ಎಂದರೆ ಸಭೆ ಸಾಮಾನ್ಯವಾಗಿ ಎರಡರಲ್ಲೊಂದನ್ನು ನಿರೀಕ್ಷಿಸುತ್ತದೆ. ಒಂದೋ ಇವನು ಮೂಢನಂಬಿಕೆಯ ಮೇಲೆ ಹರಿಹಾಯುತ್ತಾನೆ, ಇಲ್ಲವೇ ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾನೆ. ಎರಡು ಬಗೆಯ ಭಾಷಣವನ್ನೂ ಸಾಕಷ್ಟು ಕೇಳಿದ್ದೇನೆ. ಎರಡರಲ್ಲೂ ಕಾಯಿಲೆಯವರು ಕಾಣುವುದಿಲ್ಲ, ಅವರನ್ನು ಕೈಹಿಡಿದು ಬಸ್ಸಿನಿಂದ ಇಳಿಸುವ ಅಣ್ಣ, ಅತ್ತೆ, ಹೆಂಡತಿ ಮೊದಲೇ ಕಾಣುವುದಿಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು ಎದುರಿಗಿಟ್ಟುಕೊಂಡು, ಹಾಗೆ ಇಳಿದವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಊರು ನಿಮಗೆಲ್ಲ ಗೊತ್ತಿರುವುದೇ. ಭೀಮಾ ಮತ್ತು ಅಮರಜಾ ನದಿಗಳ ಸಂಗಮ ಗುಡಿಯಿಂದ ಒಂದಿಷ್ಟು ದೂರದಲ್ಲಿದೆ. ಮಹಾರಾಷ್ಟ್ರದ ಕಾರಂಜದಲ್ಲಿ ಹುಟ್ಟಿದ ನರಸಿಂಹ ಸರಸ್ವತಿಗಳು 15ನೇ ಶತಮಾನದಲ್ಲಿ ಇಲ್ಲಿ ಬಹುಕಾಲ ನೆಲೆಸಿದ್ದರು. ಕೊನೆಗೆ ಪಾದುಕೆಗಳನ್ನು ಬಿಟ್ಟು ಶ್ರೀಶೈಲದ ಕದಳೀವನಕ್ಕೆ ಹೊರಟುಹೋದರು ಎಂಬುದು ನಂಬಿಕೆ. ಭಕ್ತರಿಗೆ ಅವರು ದತ್ತಾತ್ರೇಯನ ಅವತಾರ. ನಿರ್ಗುಣ ಪಾದುಕೆಗಳ ದರ್ಶನ ಒಂದು ಸಣ್ಣ ಕಿಂಡಿಯಲ್ಲಿ, ಎಂಥವರೂ ಬಗ್ಗಿಯೇ ನೋಡಬೇಕು. ಸುತ್ತ ಕನ್ನಡವೂ ಮರಾಠಿಯೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಗುರುವಾರ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈ ಊರಿನ ಆಚಾರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮಧುಕರಿ. ಮಧ್ಯಾಹ್ನದ ಹೊತ್ತು ದತ್ತ ಯಾವ ರೂಪದಲ್ಲಾದರೂ ಭಿಕ್ಷೆಗೆ ಬರುತ್ತಾನೆ ಎಂದು ಇಲ್ಲಿಯ ನಂಬಿಕೆ. ಹಾಗಾಗಿ ಬಂದವರೆಲ್ಲ ಕೊಡಲೂ ಬೇಕು, ಐದು ಮನೆಯ ಮುಂದೆ ಕೈಯೊಡ್ಡಿ ಬೇಡಲೂ ಬೇಕು. ಕಾರಿನಲ್ಲಿ ಬಂದ ಗುತ್ತಿಗೆದಾರನೂ ತಟ್ಟೆ ಹಿಡಿಯುತ್ತಾನೆ, ಅವನ ಹಿಂದೆ ನಿಂತ ಕೂಲಿಯವನೂ ಹಿಡಿಯುತ್ತಾನೆ. ಒಂದು ಚೂರು ರೊಟ್ಟಿ, ಒಂದು ಹಿಡಿ ಅನ್ನ, ಮೇಲೊಂದು ಸೌಟು ಸಾರು. ಇದರ ಬೆಲೆ ಗೊತ್ತಾಗಬೇಕಾದರೆ ಮನೆಯಲ್ಲಿ ತಲೆ ಕೆಟ್ಟವರನ್ನು ಇಟ್ಟುಕೊಂಡವರ ಪಾಡನ್ನು ನೆನೆಯಬೇಕು. ನೆಂಟರು ಬಂದಾಗ ಒಳಕೋಣೆಗೆ ಚಿಲಕ ಹಾಕಿಟ್ಟವರು ಅವರು. ತಂಗಿಯ ಮದುವೆ ಮುರಿದೀತೆಂದು ಅಣ್ಣನ ಸುದ್ದಿ ಮುಚ್ಚಿಟ್ಟವರು. ಊರಲ್ಲಿ ಬೇರೆಯಾಗಿ ಉಳಿದ ಆ ಮನೆಯವರು ಇಲ್ಲಿ ಎಲ್ಲರಂತೆ ಬೇಡುವವರ ಸಾಲಿನಲ್ಲಿ ನಿಲ್ಲುತ್ತಾರೆ, ಕಾಯಿಲೆಯ ಹುಡುಗನೂ ಪಕ್ಕದಲ್ಲೇ ತಟ್ಟೆ ಹಿಡಿದಿರುತ್ತಾನೆ. ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ‘ಅವಗ ಆರಾಮ ಇಲ್ಲ’ ಎಂದರೆ ಮುಗಿಯಿತು.

ಇನ್ನು ಮಂಗಳಾರತಿ. ನಾಗರಿಕರಿಗೆ ಮುಜುಗರ ತರುವ ಭಾಗ ಇದು, ಆದರೂ ಬಿಟ್ಟು ಮುಂದೆ ಹೋಗುವಂತಿಲ್ಲ. ಜಾಗಟೆ, ಗಂಟೆ ಶುರುವಾಗುತ್ತಿದ್ದಂತೆ ಮಂಟಪದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ತೂಗಲು ತೊಡಗುತ್ತಾರೆ. ಒಬ್ಬ ಹೆಣ್ಣುಮಗಳು ತಲೆಗೂದಲು ಬಿಚ್ಚಿ ಬೀಸುತ್ತಾಳೆ, ಮತ್ತೊಬ್ಬ ಕಂಬಕ್ಕೆ ಹತ್ತುತ್ತಾನೆ. ಸೊಸೆಯಾದವಳು ಗಂಡಸಿನ ದನಿಯಲ್ಲಿ ಮಾವನನ್ನು ಹೆಸರು ಹಿಡಿದು ಬೈಯುತ್ತಾಳೆ. ಮನೆಯಲ್ಲಿ ಒಂದು ಮಾತು ಎತ್ತರಿಸಿದರೂ ಸಹಿಸದ ಆ ಮಾವ ಇಲ್ಲಿ ಕೈಮುಗಿದು ಕೇಳಿಸಿಕೊಳ್ಳುತ್ತಾನೆ, ಏಕೆಂದರೆ ಬೈಯುತ್ತಿರುವುದು ಸೊಸೆಯಲ್ಲ, ಅವಳ ಮೈಮೇಲೆ ಬಂದದ್ದು. ನಾನು ನೋಡುವುದು ಆರತಿ ಮುಗಿದ ನಂತರದ್ದನ್ನು. ಅವಳು ಕುಸಿದು ಕೂತಾಗ ಅತ್ತೆಯೇ ಬಂದು ಲೋಟದಲ್ಲಿ ನೀರು ಹಿಡಿಯುತ್ತಾಳೆ, ಸೆರಗು ಸರಿಮಾಡುತ್ತಾಳೆ, ಒಡೆದ ಬಳೆಚೂರು ಚುಚ್ಚಿದೆಯೇ ಎಂದು ಮುಂಗೈ ತಿರುವಿ ನೋಡುತ್ತಾಳೆ, ಕೂದಲು ಒಟ್ಟುಮಾಡಿ ಗಂಟು ಹಾಕುತ್ತಾಳೆ. ಅದುವರೆಗೆ ಆ ಮನೆಯಲ್ಲಿ ಯಾರೂ ಯಾರ ಕೂದಲನ್ನೂ ಕಟ್ಟಿರಲಾರರು.

ಮನೋವಿಶ್ಲೇಷಕ ಸುಧೀರ್ ಕಾಕರ್ 1982ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ರಾಜಸ್ಥಾನದ ಮೆಹಂದಿಪುರ ಬಾಲಾಜಿಯ ಬಗ್ಗೆ ಬರೆಯುವಾಗ ಇಂಥದ್ದನ್ನೇ ಕಂಡಿದ್ದರು. ಅಂಥ ಜಾಗಗಳಲ್ಲಿ ರೋಗ ಒಬ್ಬರದಾಗಿ ಉಳಿಯುವುದಿಲ್ಲ, ಇಡೀ ಮನೆ ಅದರಲ್ಲಿ ಪಾಲುಗೊಳ್ಳುತ್ತದೆ.

ನರಸಿಂಹ ಸರಸ್ವತಿಗಳ ಕಥೆ ಹೇಳುವ ಗುರುಚರಿತ್ರೆಯನ್ನು ಭಕ್ತರು ಏಳು ದಿನದ ಪಾರಾಯಣಕ್ಕೆ ಓದುತ್ತಾರೆ. ನಾನು ಕಸುಬಿನ ಕಣ್ಣಿನಿಂದಲೂ ಓದಿದ್ದೇನೆ, ಅದಕ್ಕೆ ಭಕ್ತರು ಸಿಟ್ಟಾಗಬಾರದು. ಅದರಲ್ಲಿ ನಂದಿ ಎಂಬ ಕುಷ್ಠರೋಗಿ ಬ್ರಾಹ್ಮಣನ ಕಥೆಯಿದೆ. ಅವನು ತುಳಜಾಪುರದ ಭವಾನಿಯ ಸನ್ನಿಧಿಯಲ್ಲಿ ಮೂರು ವರ್ಷ ಸೇವೆ ಮಾಡುತ್ತಾನೆ. ಅಲ್ಲಿಂದ ಇನ್ನೊಂದು ದೇವಿಯ ಬಳಿಗೆ ಹೋಗೆಂದು ಅಪ್ಪಣೆಯಾಗುತ್ತದೆ. ಅಲ್ಲಿ ಏಳು ತಿಂಗಳು. ಆ ದೇವಿಯೂ ನನ್ನಿಂದಾಗದು, ಗಾಣಗಾಪುರದ ಯತಿಯ ಬಳಿ ಹೋಗು ಎನ್ನುತ್ತಾಳೆ. ದೇವತೆಗಳೇ ಕೈಚೆಲ್ಲಿ ಮನುಷ್ಯನ ಬಳಿ ಕಳಿಸುವುದೇ ಎಂದು ಅವನಿಗೆ ರೇಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಚೀಟಿ ಹಿಡಿದು ಅಲೆದವರಿಗೆ ಈ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಗಾಣಗಾಪುರದಲ್ಲಿ ಮೈಯೆಲ್ಲ ಗುಣವಾದರೂ, ಅವನ ಮನಸ್ಸಿನ ಸಂಶಯದಿಂದಾಗಿ ತೊಡೆಯ ಮೇಲೆ ಒಂದು ಕಲೆ ಉಳಿಯಿತಂತೆ. ಬೀದರಿನ ಸುಲ್ತಾನನ ಕಥೆಯಲ್ಲೂ ಹುಣ್ಣು ತೊಡೆಯ ಮೇಲೆಯೇ. ಅವನು ಮೊದಲು ವೈದ್ಯರಿಗೆ ತೋರಿಸುತ್ತಾನೆ, ಅದು ಫಲಿಸದಿದ್ದಾಗ ಪಾಪನಾಶ ತೀರ್ಥಕ್ಕೆ, ಅಲ್ಲಿಂದ ಗಾಣಗಾಪುರಕ್ಕೆ ಬರುತ್ತಾನೆ.

ನಾನು ಇಲ್ಲಿ ಪವಾಡದ ಸತ್ಯಾಸತ್ಯ ಅಳೆಯುತ್ತಿಲ್ಲ. ನನಗೆ ಮುಖ್ಯವೆನಿಸುವುದು ಆ ಗ್ರಂಥದ ಪ್ರಾಮಾಣಿಕತೆ. ಸೇವೆ ಫಲಿಸದ ವರ್ಷಗಳನ್ನು ಅದು ಮುಚ್ಚಿಡಲಿಲ್ಲ, ವೈದ್ಯನ ಬಳಿ ಹೋದದ್ದನ್ನು ಪಾಪವೆನ್ನಲಿಲ್ಲ, ಒಂದು ಗುಡಿ ಇನ್ನೊಂದಕ್ಕೆ ಕಳಿಸಿದ್ದನ್ನು ಅವಮಾನವೆನ್ನಲಿಲ್ಲ. ‘ನಮ್ಮ ಸ್ವಾಮಿಯ ಮುಂದೆ ಮಾತ್ರೆ ಯಾಕೆ’ ಎಂದು ಗದರುವ ಇಂದಿನ ಕೆಲವರಿಗೆ ಆ ಅಧ್ಯಾಯಗಳನ್ನು ಮತ್ತೊಮ್ಮೆ ಪಾರಾಯಣ ಮಾಡಿಸಬೇಕು.

ಹಾಗಾದರೆ ಗುಡಿಯಲ್ಲಿ ಉಳಿದದ್ದರಿಂದ ಮನೋರೋಗ ತಗ್ಗುತ್ತದೆಯೇ? ಈ ಪ್ರಶ್ನೆಯನ್ನು ಅಳತೆಗೋಲು ಹಿಡಿದು ಕೇಳಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ಪ್ರಮುಖರು. ಅವರು ಆರಿಸಿಕೊಂಡದ್ದು ತಮಿಳುನಾಡಿನ ವೇಲಾಯುಧಂಪಾಳಯಂಪುದೂರ್ ಎಂಬ ಹಳ್ಳಿಯ ಮುತ್ತುಸ್ವಾಮಿ ಗುಡಿ. ಅಲ್ಲಿ ತಂಗಲು ಬಂದ 31 ಮಂದಿಯನ್ನು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಪರೀಕ್ಷಿಸಿದರು. ವರದಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 31ರಲ್ಲಿ 23 ಮಂದಿಗೆ ಸ್ಕಿಜೋಫ್ರೇನಿಯಾ. ಉಳಿದವರದೂ ಹಗುರದ ಬೇನೆಯಲ್ಲ. ಸರಾಸರಿ 6 ವಾರ ಅಲ್ಲಿದ್ದು ಹೊರಟಾಗ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು, 52.9ರಿಂದ 42.9ಕ್ಕೆ. ಹೊಸ ಪೀಳಿಗೆಯ ಮಾತ್ರೆಗಳಿಂದ ಸಿಗುವ ಇಳಿಕೆಗೆ ಇದು ಹತ್ತಿರ ಎಂದು ಅವರು ಬರೆದರು.

ಅಂಕಿಗಿಂತ ನನ್ನ ಗಮನ ಸೆಳೆದದ್ದು ಗುಡಿಯ ದಿನಚರಿ. ಅಲ್ಲಿ ದೆವ್ವ ಬಿಡಿಸುವುದಿಲ್ಲ, ಬೇವಿನ ಸೊಪ್ಪಿನಿಂದ ಹೊಡೆಯುವುದಿಲ್ಲ, ರೋಗ ವಾಸಿಮಾಡುವ ವಿಶೇಷ ವಿಧಿಯೇ ಇಲ್ಲ. ಬೆಳಗ್ಗೆ 15 ನಿಮಿಷದ ಪೂಜೆ. ಆಮೇಲೆ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಇಂಥ ಹಗುರ ಕೆಲಸಗಳು. ಜೊತೆಗೆ ಬಹುತೇಕರಿಗೆ ಮನೆಯವರೊಬ್ಬರು. ಬಾಡಿಗೆ ಇಲ್ಲ. ಇಷ್ಟೇ.

ಈ ವರದಿಯನ್ನು ಹಿಡಿದು ಕುಣಿಯುವುದೂ ತಪ್ಪು. ಸಂಖ್ಯೆ ಚಿಕ್ಕದು, ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಬೇನೆ ತೀರಾ ಉಲ್ಬಣಿಸಿದಾಗಲೇ ಜನ ಗುಡಿಗೆ ಕರೆದೊಯ್ಯುತ್ತಾರೆ, ಉಲ್ಬಣಿಸಿದ್ದು ತಾನಾಗಿಯೂ ಒಂದಿಷ್ಟು ಇಳಿಯುತ್ತದೆ. ಮನೆಗೆ ಹೋದ ಮೇಲೆ ಏನಾಯಿತೆಂಬುದು ಬೇರೆಯೇ ಲೆಕ್ಕ. ಆದರೂ ಒಂದು ಮಾತು ಅದರಿಂದ ನಿಲ್ಲುತ್ತದೆ: ಬೈಗುಳವಿಲ್ಲದ ತಾವು, ಮಾಡಲೊಂದು ಕೆಲಸ, ಪಕ್ಕದಲ್ಲಿ ಮನೆಯವರು, ಅವಸರವಿಲ್ಲದ ಕೆಲವು ವಾರಗಳು. ಹಳ್ಳಿಯ ಗುಡಿ ಇವನ್ನು ಪುಕ್ಕಟೆ ಕೊಡುತ್ತದೆ. ನಮ್ಮ ಹೊರರೋಗಿ ವಿಭಾಗ ಕೊಡುವುದು ಹತ್ತು ನಿಮಿಷ.

ವೈದ್ಯರಲ್ಲೂ ಇದನ್ನು ಬೇಗ ಗ್ರಹಿಸಿದವರಿದ್ದರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದೊಳಗೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇಟ್ಟುಕೊಂಡರು. ಪುರಾಣ ಪುಣ್ಯಕಥೆಗಳ ಧಾಟಿಯಲ್ಲಿ ಅವರಿಗೆ ಕಾಯಿಲೆಯ ತಿಳಿವಳಿಕೆ ಕೊಟ್ಟರು. ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಮನೆಯವರು ಉಳಿಯುವ ವಾರ್ಡುಗಳು ಬಂದವು. ಇವೆಲ್ಲ ಪಶ್ಚಿಮದಿಂದ ಬಂದ ಪಾಠವಲ್ಲ. ಅಲ್ಲಿ ಆಗ ಹುಚ್ಚಾಸ್ಪತ್ರೆಯ ಗೋಡೆ ಎತ್ತರವಾಗಿಯೇ ಇತ್ತು. ನಮ್ಮವರು ಕಲಿತದ್ದು ಜಗಲಿಯಿಂದ, ಸತ್ರದಿಂದ. ಈ ಋಣವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳಿದೆ.

ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ನಾನು ಕಸುಬಿಗೆ ದ್ರೋಹ ಮಾಡಿದಂತೆ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು. ಅವರಿಗೆ ಓಡಲಾಗಲಿಲ್ಲ, 28 ಮಂದಿ ಸತ್ತರು. ಭಕ್ತಿಯ ಸುತ್ತ ಬಾಡಿಗೆಯ ದಂಧೆ ಹುಟ್ಟಿ, ಮನೆಯವರು ಜೊತೆಗಿರದೆ ಬಿಟ್ಟುಹೋಗಿ, ಉಸ್ತುವಾರಿ ಸರಪಳಿಗೆ ಒಪ್ಪಿಸಿದಾಗ ಆಗುವುದು ಇದು. ಮುತ್ತುಸ್ವಾಮಿ ಗುಡಿಯಲ್ಲಿ ಇದ್ದದ್ದು ಯಾವುದೂ ಇಲ್ಲಿ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಿಗಿಯಕೂಡದು ಎಂದು ಖಂಡಿತವಾಗಿ ಹೇಳುತ್ತದೆ. ಗುಡಿಗೂ ದರ್ಗಾಕ್ಕೂ ಮನೆಗೂ ಇದು ಒಂದೇ.

ಮೂರ್ಛೆರೋಗದ ಮಾತೇ ಬೇರೆ. ಅದು ಮಿದುಳಿನ ಬೇನೆ, ಹೆಚ್ಚಿನವರಲ್ಲಿ ಅಗ್ಗದ ಮಾತ್ರೆಗಳಿಗೆ ಬಗ್ಗುತ್ತದೆ. ‘ಗಾಳಿ ಸೋಕಿದೆ’ ಎಂದು ಮಗುವನ್ನು ವರ್ಷಗಟ್ಟಲೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೊತ್ತು ತಿರುಗಿದರೆ ಅಷ್ಟರಲ್ಲಿ ಅದು ಒಲೆಗೋ ಬಾವಿಗೋ ಬಿದ್ದಿರುತ್ತದೆ. ಇದರಲ್ಲಿ ನನ್ನದು ರಾಜಿಯಿಲ್ಲದ ಮಾತು.

ಆದರೆ ಜನ ನಮ್ಮ ಹಾಗೆ ಗುಡಿ ಅಥವಾ ಆಸ್ಪತ್ರೆ ಎಂದು ಗೆರೆ ಎಳೆದು ಯೋಚಿಸುವುದಿಲ್ಲ. ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿಯ ಜನ ಮೈಮೇಲೆ ದೈವ ಬರುವ ಪಾತ್ರಿಯನ್ನೂ ಮಂತ್ರವಾದಿಯನ್ನೂ ವೈದ್ಯನನ್ನೂ ಡಾಕ್ಟರನ್ನೂ ಕೇಳುತ್ತಿದ್ದರು, ಅದರಲ್ಲಿ ಅವರಿಗೆ ಯಾವ ಇಬ್ಬಂದಿಯೂ ಇರಲಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹೋಗುತ್ತಾರೆ. ಅಲ್ಲಿ 2008ರಿಂದ ಪ್ರಾರ್ಥನೆಯ ಆವರಣದಲ್ಲೇ ಮನೋವೈದ್ಯರು ಕೂರುವ ಏರ್ಪಾಡಾಯಿತು. ತಾಯತ ಕಟ್ಟುವ ಮುಜಾವರರಿಗೇ ತರಬೇತಿ ಕೊಟ್ಟರು, ಅವರೇ ರೋಗಿಯನ್ನು ಪಕ್ಕದ ಕೋಣೆಗೆ ಕಳಿಸುತ್ತಾರೆ.

ನಮ್ಮಲ್ಲಿ 2014ರಲ್ಲಿ ಬಂದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವುದು ಮಂಗಳವಾರ. ಒಳ್ಳೆಯ ಯೋಜನೆ, ದೂರುವುದಕ್ಕಲ್ಲ ನಾನು ಹೇಳುತ್ತಿರುವುದು. ಆದರೆ ಕಾಯಿಲೆಯವರು ನೂರುಗಟ್ಟಲೆ ಮೈಲಿಯಿಂದ ತಾವಾಗಿಯೇ, ಮನೆಯವರನ್ನು ಕಟ್ಟಿಕೊಂಡು, ವಾರಗಟ್ಟಲೆ ಉಳಿಯುವ ಸಿದ್ಧತೆಯಿಂದ ಗಾಣಗಾಪುರದಲ್ಲಿ ಸೇರುವುದು ಗುರುವಾರ. ಆ ಎರಡು ದಿನಗಳನ್ನು ಹತ್ತಿರ ತರಲು ಹೊಸ ಕಟ್ಟಡ ಬೇಡ. ಯಾತ್ರಿಕರು ತಂಗುವ ಕಡೆ ಒಂದು ಕೋಣೆ, ಒಂದು ಮೇಜು, ಒಬ್ಬ ವೈದ್ಯ, ಮರಾಠಿಯೂ ಬರುವ ಒಬ್ಬ ಆಪ್ತಸಮಾಲೋಚಕಿ ಸಾಕು. ಬಾಗಿಲಿಗೆ ‘ಮಾನಸಿಕ’ ಎಂಬ ಫಲಕ ಹಾಕಬೇಡಿ, ಯಾರೂ ಒಳಗೆ ಬರುವುದಿಲ್ಲ.

ಅರ್ಚಕರು ಒಪ್ಪುತ್ತಾರೆಯೇ ಎಂದು ನೀವು ಕೇಳಬಹುದು. ನನಗೆ ಅವರಿಗಿಂತ ನಮ್ಮವರದೇ ಚಿಂತೆ. ಸಂಗಮದಲ್ಲಿ ಮಿಂದು, ಹಣೆಗೆ ಭಸ್ಮ ಹಚ್ಚಿ, ಅತ್ತಿಮರಕ್ಕೆ ಪ್ರದಕ್ಷಿಣೆ ಹಾಕಿ ಬಂದವನಿಗೆ ‘ಇದೆಲ್ಲ ಯಾಕೆ ಮಾಡ್ತೀರಿ’ ಎಂದು ಮೊದಲ ಮಾತಿಗೇ ಕೇಳುವ ವೈದ್ಯನನ್ನು ಅಲ್ಲಿ ಕೂರಿಸಿದರೆ ಎರಡನೆಯ ಗುರುವಾರಕ್ಕೆ ಕೋಣೆ ಖಾಲಿ. ಪ್ರದಕ್ಷಿಣೆ ಎಷ್ಟಾಯಿತು, ರಾತ್ರಿ ನಿದ್ದೆ ಬಂತೇ, ಮಧುಕರಿಯ ರೊಟ್ಟಿ ಹೊಟ್ಟೆ ತುಂಬ ತಿಂದನೇ ಎಂದು ಅವನ ತಾಯಿಯನ್ನು ವಿಚಾರಿಸಿ, ಮಾತ್ರೆಯನ್ನು ಪ್ರಸಾದದ ಜೊತೆ ಕೊಡಬಹುದಮ್ಮ ಎನ್ನುವವರು ಬೇಕು. ಊರಿಗೆ ಹೊರಟಾಗ ಒಂದು ತಿಂಗಳ ಮಾತ್ರೆ ಕಟ್ಟಿಕೊಟ್ಟು, ಅವರ ತಾಲ್ಲೂಕಿನಲ್ಲಿ ಮಂಗಳವಾರ ಯಾರು ಸಿಗುತ್ತಾರೆಂದು ಬರೆದುಕೊಡಬೇಕು. ಮಹಾರಾಷ್ಟ್ರದವರಾದರೆ ಆ ಚೀಟಿಯನ್ನು ಮರಾಠಿಯಲ್ಲಿ ಬರೆಯಬೇಕು.