ನಕಲು ಸಿನೆಮಾ ಮತ್ತು ನಮ್ಮ ಓಣಿಯ ಕಥೆ

(ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಭಾಷಣ ಮಾಡು ಅಂತ ಮಂಡಳದ ಅಣ್ಣಂದಿರು ಹೇಳಿದಾಗ ಶಿಕ್ಷಣದ ಮೇಲೆ ಮಾತಾಡಲೋ, ಮೀಸಲಾತಿಯ ಮೇಲೆ ಮಾತಾಡಲೋ ಎಂದು ಎರಡು ದಿನ ಯೋಚಿಸಿದೆ. ಆ ವಿಷಯಗಳ ಮೇಲೆ ಪ್ರತಿ ವರ್ಷ ನನಗಿಂತ ಚೆನ್ನಾಗಿ ಮಾತಾಡುವವರು ಬರುತ್ತಾರೆ. ಅದಕ್ಕ ನಾನು ಸಿನೆಮಾದ ವಿಷಯ ತಗೊಂಡೀನಿ. ನಗಬ್ಯಾಡ್ರಿ. ನಾವು ಮನ್ಯಾಗ ಕನ್ನಡ ಮಾತಾಡತೀವಿ, ಸಾಲ್ಯಾಗ ಮರಾಠಿ ಕಲಿತೀವಿ, ಥೇಟರಿನ್ಯಾಗ ಹಿಂದಿ ನೋಡತೀವಿ. ಆ ಹಿಂದಿ ಸಿನೆಮಾದ ಕಥೆ ಬಹಳ ಸಲ ಅಮೆರಿಕಾದ್ದು. ಹಂಗಾದ್ರ ನಮ್ಮ ಕಥೆ ಎಲ್ಲೈತಿ? ಇಷ್ಟೇ ನನ್ನ ಪ್ರಶ್ನೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಹೋದ ವರ್ಷ ಕಾಲೇಜಿನ ಗ್ಯಾದರಿಂಗ್‌ನಲ್ಲಿ ನಾವು ಆರು ಮಂದಿ ಒಂದು ಸಣ್ಣ ನಾಟಕ ಮಾಡಿದೆವು. ಬರೆದವಳು ನಾನೇ. 'ಕಾಂಟೆ' ಎಂಬ ಹಿಂದಿ ಸಿನೆಮಾ ನೋಡಿ, ಬ್ಯಾಂಕ್ ದರೋಡೆಯ ಕಥೆ ಎತ್ತಿಕೊಂಡೆ. ಹುಡುಗರಿಗೆ ಕರಿ ಕೋಟು, ಕರಿ ಕನ್ನಡಕ. ಕೋಟು ಸಿಗಲಿಲ್ಲ ಅಂತ ಪರಿಚಯದ ವಕೀಲರ ಕಡೆ ಬೇಡಿ ತಂದಿದ್ದೆವು. ಸೀಟಿ ಬಿದ್ದವು, ಎರಡನೇ ಬಹುಮಾನವೂ ಬಂತು. ಮನೆಗೆ ಬಂದು ಅಜ್ಜಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಪೂರಾ ನೋಡಿ ಆಕೆ ಒಂದೇ ಮಾತು ಕೇಳಿದಳು: "ಚಂದ ಮಾಡೀರಿ ಯವ್ವಾ. ಖರೆ, ಇದು ಯಾವೂರ ಕಥಿ?"

ನನಗೆ ಉತ್ತರ ಹೇಳಲಿಕ್ಕೆ ಬರಲಿಲ್ಲ. ಆಮೇಲೆ ಹುಡುಕಿ ನೋಡಿದೆ. 2002ರ 'ಕಾಂಟೆ' 1992ರ 'ರಿಸರ್ವಾಯರ್ ಡಾಗ್ಸ್' ಎಂಬ ಅಮೆರಿಕನ್ ಸಿನೆಮಾದ ಮೇಲೆ ಕಟ್ಟಿದ್ದು. ಚಿತ್ರೀಕರಣವೂ ಲಾಸ್ ಏಂಜಲೀಸ್‌ನಲ್ಲೇ. ಕಥೆಯೂ ಅಲ್ಲಿಯದು, ಊರೂ ಅಲ್ಲಿಯದು. ಅದನ್ನು ನೋಡಿ ನಾಂದಣಿಯ ಹುಡುಗಿ ನಕಲು ಮಾಡಿದಳು ಅಂದರೆ ನಕಲಿನ ನಕಲು.

ಈ ಪಟ್ಟಿ ಉದ್ದ ಐತ್ರಿ. ನೆನಪು ಕಳಕೊಂಡವನು ಮೈಮೇಲೆ ಹಚ್ಚೆ ಬರೆಸಿಕೊಳ್ಳುವ 'ಗಜಿನಿ' ನಿಮಗೆ ಗೊತ್ತು. ಆ ಹಚ್ಚೆ, ಆ ಫೋಟೋಗಳು 2000ದ 'ಮೆಮೆಂಟೊ'ದಲ್ಲಿ ಮೊದಲೇ ಇದ್ದವು. 1991ರ 'ದಿಲ್ ಹೈ ಕಿ ಮಾನ್ತಾ ನಹೀ' 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್'ನ ಕಥೆ. ಅದಕ್ಕೂ ಮೊದಲು, 1956ರಲ್ಲಿ, ರಾಜ್ ಕಪೂರ್-ನರ್ಗಿಸ್ ಅವರ 'ಚೋರಿ ಚೋರಿ'ಯಲ್ಲೂ ಅದೇ ಕಥೆ ಇತ್ತು. ಇನ್ನು ನಮ್ಮ ಮರಾಠಿ 'ಝಪಾಟಲೇಲಾ'! ಇಲ್ಲಿ ಕುಂತ ಎಷ್ಟು ಮಂದಿ ಸಣ್ಣವರಿದ್ದಾಗ ತಾತ್ಯಾ ವಿಂಚೂನ ಅಂಜಿಕೆಗೆ ರಾತ್ರಿ ಹೊರಗೆ ಹೋಗಿಲ್ಲ, ಕೈ ಎತ್ತರಿ ನೋಡೋಣ. ಆ ಗೊಂಬಿಯ ಅಣ್ಣ ಅಮೆರಿಕಾದಾಗ ಅದಾನ. 1988ರ 'ಚೈಲ್ಡ್ಸ್ ಪ್ಲೇ' ಸಿನೆಮಾದ ಚಕ್ಕಿ ಅವನ ಹೆಸರು. ಆದರೆ ಇದನ್ನೂ ಹೇಳಬೇಕು: ಮಹೇಶ ಕೊಠಾರೆ ಆ ಗೊಂಬಿಗೆ ನಮ್ಮ ಕಡೆಯ ಹೆಸರು, ನಮ್ಮ ಕಡೆಯ ಬೈಗುಳ, ಲಕ್ಷ್ಮೀಕಾಂತ ಬೇರ್ಡೆಯ ನಗು ಎಲ್ಲಾ ಕೊಟ್ಟರು. ಅದಕ್ಕೇ ಅದು ಇನ್ನೂ ನಮ್ಮ ನೆನಪಿನಲ್ಲಿದೆ.

ಇದು ಕಳ್ಳತನವೋ ಅಲ್ಲವೋ? ಕಾಯದೆ ಬೇರೆ ಮಾತು ಹೇಳುತ್ತದೆ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು 'ನ್ಯೂ ಡೆಲ್ಲಿ' ಎಂಬ ಸಿನೆಮಾದವರು ಕದ್ದರು ಎಂದು ಕೋರ್ಟಿಗೆ ಹೋಗಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಬರೀ ವಿಚಾರದ ಮೇಲೆ ಯಾರಿಗೂ ಹಕ್ಕಿಲ್ಲ, ಅದನ್ನು ಹೇಳಿದ ರೀತಿಯ ಮೇಲೆ ಮಾತ್ರ ಹಕ್ಕು. ಆನಂದ್ ಸೋತರು. ಈಗೀಗ ಹಣ ಕೊಟ್ಟು ಹಕ್ಕು ಪಡೆದು ಮಾಡುವವರೂ ಇದ್ದಾರೆ. 2022ರ 'ಲಾಲ್ ಸಿಂಗ್ ಚಡ್ಡಾ' ಹಾಗೆ ಹಕ್ಕು ಪಡೆದು ಮಾಡಿದ 'ಫಾರೆಸ್ಟ್ ಗಂಪ್'.

ಖರೆ, ನನ್ನ ತಕರಾರು ಕಳ್ಳತನದ್ದಲ್ಲ. ಅಮೆರಿಕಾದವರೂ ತಗೊಂಡಾರ. ತಂದವರು ಏನು ತಂದರು, ದಾರಿಯಲ್ಲಿ ಏನು ಬಿಟ್ಟು ಬಂದರು ಅನ್ನೋದು ನನ್ನ ತಕರಾರು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಎಲ್ಲರೂ ನೋಡಿದ 'ಶೋಲೆ'. 1954ರಲ್ಲಿ ಜಪಾನಿನ ಕುರೋಸಾವಾ 'ಸೆವೆನ್ ಸಮುರಾಯ್' ಮಾಡಿದರು. ಡಕಾಯಿತರ ಕಾಟಕ್ಕೆ ಬೇಸತ್ತ ಬಡ ರೈತರು, ತಾವು ಕೀಳು ಧಾನ್ಯ ತಿಂದು, ಅಕ್ಕಿಯ ಅನ್ನ ಹಾಕಿ ಏಳು ಮಂದಿ ಕಾದಾಳುಗಳನ್ನು ಕರೆತರುತ್ತಾರೆ. ಅಮೆರಿಕಾದವರು 1960ರಲ್ಲಿ ಅದನ್ನೇ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಅಂತ ಮಾಡಿದರು. ಅಲ್ಲಿಯೂ ಹಳ್ಳಿಯ ಬಡವರೇ ಹೋಗಿ ಆಳು ತರುತ್ತಾರೆ. 1975ರ 'ಶೋಲೆ'ಯಲ್ಲಿ ಜಯ್-ವೀರೂನ ತರಿಸಿದವರು ಯಾರು? ಠಾಕೂರ್ ಸಾಹೇಬರು. ರೊಕ್ಕ ಅವರದು, ಸೇಡು ಅವರದು, ಕೊನೆಗೆ ಗೆಲುವೂ ಅವರದು. ಊರ ಮಂದಿ ಅಂಜಿ ನಿಂತು ನೋಡುತ್ತಾರೆ. ಕರ್ನಾಟಕದ ರಾಮನಗರದ ಬಂಡೆಗಳ ನಡುವೆ ಅಷ್ಟು ದೊಡ್ಡ ಊರು ಕಟ್ಟಿದರು. ಅದರಲ್ಲಿ ಗುಡಿ ಐತಿ, ಮಸೀದಿ ಐತಿ, ನೀರಿನ ಟಾಕಿ ಐತಿ. ನಮ್ಮ ಕೇರಿ ಎಲ್ಲೈತ್ರಿ? ನಾನು ನಾಲ್ಕು ಸಲ ನೋಡೀನಿ, ಕಂಡಿಲ್ಲ.

ಎರಡನೆಯದು 2000ದ 'ಜೋಶ್'. ಶಾರುಖ್ ಖಾನ್, ಐಶ್ವರ್ಯಾ ಅಣ್ಣ-ತಂಗಿ. ಗೋವಾದಲ್ಲಿ ಎರಡು ಗ್ಯಾಂಗಿನ ಜಗಳ. ಇದರ ಮೂಲ 1961ರ 'ವೆಸ್ಟ್ ಸೈಡ್ ಸ್ಟೋರಿ'. ಆ ಸಿನೆಮಾದಲ್ಲಿ ಒಂದು ಗ್ಯಾಂಗು ಬಿಳಿಯರದು, ಇನ್ನೊಂದು ಪೋರ್ಟೊ ರಿಕೊದಿಂದ ದುಡಿಯಲು ಬಂದವರದು. ಬಣ್ಣ ಬೇರೆ, ಭಾಷೆ ಬೇರೆ. ಅದಕ್ಕೇ ಅಲ್ಲಿ ಪ್ರೀತಿಗೆ ಸಾವು ಬರುತ್ತದೆ. ನಮ್ಮವರು ಗ್ಯಾಂಗು ತಂದರು, ಹಾಡು ತಂದರು, ಪ್ರೀತಿ ತಂದರು. ಆ ಜಗಳಕ್ಕೆ ಕಾರಣವಾದ ಭೇದವನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ಭೇದಕ್ಕೆ ನಮ್ಮ ದೇಶದಲ್ಲಿ ಬರಗಾಲ ಇತ್ತೇನ್ರಿ?

ಮೂರನೆಯದು 1986ರ 'ಏಕ್ ರುಕಾ ಹುವಾ ಫೈಸ್ಲಾ'. ಬಾಸು ಚಟರ್ಜಿ ಮಾಡಿದ್ದು. 1957ರ 'ಟ್ವೆಲ್ವ್ ಆ್ಯಂಗ್ರಿ ಮೆನ್' ಇದರ ಮೂಲ. ನಟನೆ ಬಹಳ ಒಳ್ಳೆಯದು, ಎಲ್ಲರೂ ನೋಡಬೇಕು. ಬಡ ಓಣಿಯ ಹುಡುಗನ ಮೇಲೆ ಕೊಲೆ ಆರೋಪ. ಹನ್ನೆರಡು ಮಂದಿ ಜ್ಯೂರಿ ಒಂದು ಕೋಣೆಯಲ್ಲಿ ಕುಂತು ಅವನ ಜೀವದ ಬಗ್ಗೆ ವಾದ ಮಾಡುತ್ತಾರೆ. ಆದರೆ ನಮ್ಮಲ್ಲಿ ಜ್ಯೂರಿ ಎಲ್ಲಿದೆ? 1959ರ ನಾನಾವತಿ ಪ್ರಕರಣದ ನಂತರ ಆ ಪದ್ಧತಿಯೇ ಹಂತಹಂತವಾಗಿ ನಿಂತುಹೋಯಿತು. ನಮ್ಮ ದೇಶದಲ್ಲಿ ಇಲ್ಲದ ಕೋಣೆಯನ್ನು ತಂದು ಇಟ್ಟರು. ನಮ್ಮ ಹುಡುಗ ನಿಜವಾಗಿ ಹೋಗಿ ನಿಲ್ಲುವ ಪೊಲೀಸ್ ಠಾಣೆ, ಕೋರ್ಟಿನ ಕಟ್ಟೆ, ವಕೀಲರ ಫೀ, ತಾರೀಖಿನ ಮೇಲೆ ತಾರೀಖು, ಅದು ಹೊರಗೇ ಉಳಿಯಿತು.

ಈಗ ನೀವು ಕೇಳಬಹುದು, ಅಮೆರಿಕಾ ದೂರದ ದೇಶ, ಅಲ್ಲಿಂದ ತರುವಾಗ ಏನೋ ಬಿದ್ದುಹೋಗುತ್ತದೆ, ಅದಕ್ಕೇನು ಅಂತ. ಹಂಗಾದ್ರ ಹತ್ತಿರದ ಸಿನೆಮಾ ತಗೋಳ್ರಿ, 'ಸೈರಾಟ್'. 2016ರ ಏಪ್ರಿಲ್‌ನಲ್ಲಿ ಅದು ಬಂದಾಗ ನಾನು ಆರನೇ ಇಯತ್ತೆ. ಆರ್ಚಿ ಬುಲೆಟ್ ಹೊಡೆಯೋದು, ಟ್ರ್ಯಾಕ್ಟರ್ ನಡೆಸೋದು ನೋಡಿ ನಮಗೆ ಹುಡುಗಿಯರಿಗೆ ಎರಡು ಇಂಚು ಎತ್ತರ ಆದಂಗ ಅನಿಸಿತ್ತು. ನಾಗರಾಜ ಮಂಜುಳೆ ತಮ್ಮದೇ ಕರಮಾಳಾ ತಾಲೂಕಿನ ಕೆರೆ, ಬಾವಿ, ಕಬ್ಬು ತೋರಿಸಿದರು. ಮೀನು ಹಿಡಿಯುವ ಮನೆಯ ಪರ್ಶ್ಯಾ, ಪಾಟೀಲರ ಮನೆಯ ಆರ್ಚಿ. ಮಂಜುಳೆಯವರೂ ಹಾಲಿವುಡ್ಡಿನಿಂದ ಒಂದನ್ನು ತರಿಸಿದ್ದರು. ಅಜಯ್-ಅತುಲ್ ಅವರ ಹಾಡಿನ ದೊಡ್ಡ ವಾದ್ಯವೃಂದವನ್ನು ಅಲ್ಲಿನ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿಸಿದರು. ಪಿಟೀಲು ಅಲ್ಲಿಂದ ಬಂತು, ಕಥೆ ಮಾತ್ರ ಸೋಲಾಪುರ ಜಿಲ್ಲೆಯದೇ ಉಳಿಯಿತು.

ಆಮೇಲೆ ಏನಾಯಿತು? 2017ರಲ್ಲಿ ಕನ್ನಡದಲ್ಲಿ 'ಮನಸು ಮಲ್ಲಿಗೆ' ಬಂತು. ಅದೇ ರಿಂಕು ರಾಜಗುರು, ಅದೇ ಅಜಯ್-ಅತುಲ್ ಧಾಟಿ. ಆದರೂ 'ಸೈರಾಟ್'ನಂತೆ ಮಂದಿಯ ಬಾಯಲ್ಲಿ ನಿಲ್ಲಲಿಲ್ಲ. 2018ರಲ್ಲಿ ಹಿಂದಿ 'ಧಡಕ್' ಬಂತು. ಊರು ಉದಯಪುರ, ದೊಡ್ಡ ಅರಮನೆ, ಒಳ್ಳೊಳ್ಳೆ ಬಟ್ಟೆ. ಹುಡುಗನದು ಹೋಟೆಲು ನಡೆಸುವ ಮನೆ. ಜಾತಿಯ ಮಾತು ಅಡುಗೆಗೆ ಇಂಗು ಹಾಕಿದಷ್ಟು. ಮಹಾರಾಷ್ಟ್ರದಿಂದ ರಾಜಸ್ಥಾನಕ್ಕೆ ಹೋಗುವುದರೊಳಗೇ ಜಾತಿ ದಾರಿಯಲ್ಲಿ ಬಿದ್ದುಹೋಯಿತು ಅಂದರೆ, ದೂರದ ದೋಷ ಅಲ್ಲ ಅದು. ಬಿಟ್ಟವರು ಬೇಕಂತಲೇ ಬಿಟ್ಟರು ಅಂತ ನನಗೆ ಅನಿಸುತ್ತದೆ. ಯಾಕೆಂದರೆ 2025ರ 'ಧಡಕ್ 2' ಕೂಡ ರಿಮೇಕೇ. ತಮಿಳಿನಲ್ಲಿ ಮಾರಿ ಸೆಲ್ವರಾಜ್ 2018ರಲ್ಲಿ ಮಾಡಿದ 'ಪರಿಯೇರುಮ್ ಪೆರುಮಾಳ್' ಅದರ ಮೂಲ. ಕಾಯದೆ ಓದುವ ದಲಿತ ಹುಡುಗನ ಕಥೆ. ಅದರಲ್ಲಿ ಜಾತಿಯನ್ನು ಮುಚ್ಚಿಡಲಿಲ್ಲ. ಮನಸ್ಸಿದ್ದರೆ ರಿಮೇಕಿನಲ್ಲೂ ಖರೆ ಹೇಳಲಿಕ್ಕೆ ಬರುತ್ತದೆ.

ನಾವು ಕೊಲ್ಲಾಪುರ ಜಿಲ್ಲೆಯವರು. ಸಿನೆಮಾದ ವಿಷಯದಲ್ಲಿ ನಾವು ಬೇರೆಯವರ ಬಾಗಿಲು ಕಾಯಬೇಕಾಗಿಲ್ಲ. ನೂರು ವರ್ಷದ ಹಿಂದೆ ಕೊಲ್ಲಾಪುರದಲ್ಲಿ ಬಾಬುರಾವ ಪೇಂಟರ್ ಇದ್ದರು. ಕುಶಲಕರ್ಮಿಗಳ ಮನೆತನ. ನಾಟಕದ ಪರದೆಗಳಿಗೆ ಚಿತ್ರ ಬರೆಯುವ ಕೆಲಸ. ವಿದೇಶಿ ಯಂತ್ರ ನೋಡಿ ಅದರ ಗುಟ್ಟು ತಿಳಿದು, ತಮ್ಮ ಕೈಯಾರೆ ಕ್ಯಾಮೆರಾ ಕಟ್ಟಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ ರೊಕ್ಕ ಕೊಟ್ಟು ನಿಂತವಳು ತಾನಿಬಾಯಿ ಕಾಗಲಕರ ಎಂಬ ಗಾಯಕಿ. 1920ರಲ್ಲಿ 'ಸೈರಂಧ್ರಿ' ತೆಗೆದರು. 1925ರಲ್ಲಿ 'ಸಾವಕಾರಿ ಪಾಶ'. ಸಾಹುಕಾರನ ಸಾಲಕ್ಕೆ ಹೊಲ ಕಳಕೊಂಡ ರೈತ ಪಟ್ಟಣಕ್ಕೆ ಹೋಗಿ ಗಿರಣಿ ಕೂಲಿಯಾಗುವ ಕಥೆ. ಆ ತರುಣ ರೈತನಾಗಿ ನಟಿಸಿದವರು ವಿ. ಶಾಂತಾರಾಮ. ಯಂತ್ರ ನೋಡಿ ಕಲಿತರು, ಕಥೆ ತಮ್ಮ ಮಣ್ಣಿನದು ಹೇಳಿದರು. ಕಲಿಯುವುದು ಬೇರೆ, ನಕಲು ಮಾಡುವುದು ಬೇರೆ ಅನ್ನಲಿಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ 1920ರ ಮಾರ್ಚ್ 21, 22ಕ್ಕೆ ಇಲ್ಲೇ ಹಾತಕಣಂಗಲೆ ತಾಲೂಕಿನ ಮಾಣಗಾಂವದಲ್ಲಿ ಪರಿಷತ್ತು ನಡೆಯಿತು. ಬಾಬಾಸಾಹೇಬರಿಗೆ ಆಗ 28 ವರ್ಷ. ಶಾಹೂ ಮಹಾರಾಜರು ಅಲ್ಲಿಗೆ ಬಂದು, ನಿಮ್ಮ ನಾಯಕ ನಿಮ್ಮೊಳಗೇ ಸಿಕ್ಕಿದ್ದಾನೆ, ಇನ್ನು ಬೇರೆಯವರನ್ನು ಹುಡುಕಬೇಡಿರಿ ಎಂಬ ಅರ್ಥದ ಮಾತು ಹೇಳಿದರು. ಆ ಮಾತನ್ನು ನಾವು ರಾಜಕಾರಣಕ್ಕೆ ಹಚ್ಚಿ ನೋಡುತ್ತೇವೆ. ಕಥೆಗೂ ಹಚ್ಚಬೇಕು ಅಂತ ನನ್ನ ವಿನಂತಿ. ನಮ್ಮ ಕಥೆ ಹೇಳುವವರು ನಮ್ಮೊಳಗೇ ಇದ್ದಾರೆ.

ಅಜ್ಜಿ ಆ ಪ್ರಶ್ನೆ ಕೇಳಿದ ಮೇಲೆ ನಾನೂ ಒಂದು ಪ್ರಶ್ನೆ ಕೇಳಿದೆ: "ಅಜ್ಜಿ, ನೀ ಮೊದಲ ಸಿನೆಮಾ ಎಲ್ಲಿ ನೋಡಿದಿ?" ಆಕೆ ಹೇಳಿದ್ದನ್ನು ಹಂಗೇ ಹೇಳತೇನಿ. ಆಕೆಯ ತವರೂರಿನ ಜಾತ್ರೆಗೆ ತಂಬೂ ಟಾಕೀಸು ಬರುತ್ತಿತ್ತು. ಊರ ಮಂದಿ ಪರದೆಯ ಮುಂದೆ ಕೂಡುತ್ತಿದ್ದರು. ನಮ್ಮ ಕೇರಿಯವರನ್ನು ಪರದೆಯ ಹಿಂದೆ ಕೂಡಿಸುತ್ತಿದ್ದರು. ಹಿಂದಿನಿಂದಲೂ ಚಿತ್ರ ಕಾಣುತ್ತದೆ, ಆದರೆ ಉಲ್ಟಾ. ಹೀರೋ ಎಡಗೈಯಿಂದ ಉಣ್ಣುತ್ತಿದ್ದ, ಎಡಗೈಯಿಂದ ತಾಳಿ ಕಟ್ಟುತ್ತಿದ್ದ. "ಹೆಸರು ಬರೀತಿದ್ರು, ಅದೂ ಉಲ್ಟಾ. ನನಗೇನು ಓದಾಕ ಬರ್ತಿತ್ತೇನ ಯವ್ವಾ, ಅಕ್ಷರ ನೆಟ್ಟಗಿದ್ರೇನು, ಉಲ್ಟಾ ಇದ್ರೇನು" ಎಂದು ನಕ್ಕಳು. ಬಹಳ ವರ್ಷದ ಮೇಲೆ ಥೇಟರಿನಲ್ಲಿ ಮುಂದಿನಿಂದ ಸಿನೆಮಾ ನೋಡಿದಾಗ, ಹೀರೋ ಬಲಗೈಯಿಂದ ಉಣ್ಣುವುದು ನೋಡಿ ಆಕೆಗೆ ವಿಚಿತ್ರ ಅನಿಸಿತಂತೆ.

ಆಕೆ ನಕ್ಕಳು, ನನಗೆ ನಗು ಬರಲಿಲ್ಲ. ಅದೇ ಮನೆಯಲ್ಲಿ ಇಷ್ಟು ವರ್ಷ ಆಕೆಯ ಮಗ್ಗುಲಲ್ಲೇ ಮಲಗಿದ್ದೇನೆ, ಈ ಕಥೆ ನನಗೆ ಗೊತ್ತಿರಲಿಲ್ಲ. ಬ್ಯಾಂಕ್ ದರೋಡೆಯ ಕಥೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಯಾರೂ ಕರಿ ಕೋಟು ಹಾಕಿಕೊಂಡು ಬ್ಯಾಂಕ್ ದೋಚಿದ್ದು ನಾನು ಕೇಳಿಲ್ಲ. ಪರದೆಯ ಹಿಂದೆ ಕುಂತವರು ಮಾತ್ರ ಈಗಲೂ ಈ ಚಾಪೆಯ ಮೇಲೆ ಕುಂತಿದ್ದಾರೆ. ಇವರು ಹೋದರೆ ಕಥೆಯೂ ಹೋಗುತ್ತದೆ. ಅದನ್ನು ಮತ್ತೆ ತರಲಿಕ್ಕೆ ಅಮೆರಿಕಾದಲ್ಲಿ ಮೂಲ ಸಿನೆಮಾ ಇಲ್ಲ.

ಅದಕ್ಕೆ ಮಂಡಳದ ಮುಂದೆ ನನ್ನ ಮೂರು ಮಾತು. ಒಂದು, ಮುಂದಿನ ವರ್ಷದ ವಾರ್ಷಿಕೋತ್ಸವಕ್ಕೆ ಡಿಜೆಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಹತ್ತು ನಿಮಿಷದ ಒಂದು ಸಿನೆಮಾ ಮಾಡೋಣ. ಕ್ಯಾಮೆರಾ ಕಟ್ಟುವ ಕೆಲಸ ಬಾಬುರಾವ ಪೇಂಟರ್ ಮಾಡಿ ಹೋಗಿದ್ದಾರೆ, ನಮ್ಮ ಕಿಸೆಯಲ್ಲಿ ಮೊಬೈಲ್ ಇದೆ. ಎರಡು, ಪ್ರತಿ ರವಿವಾರ ಸಂಜೆ ನಾನು ಸಮಾಜಮಂದಿರಕ್ಕೆ ವಹಿ ತಗೊಂಡು ಬರತೇನಿ. ಕಬ್ಬು ಕಡಿದವರು, ಇಚಲಕರಂಜಿಯ ಪವರಲೂಮಿನಲ್ಲಿ ರಾತ್ರಿ ಪಾಳಿ ಮಾಡಿದವರು, 2019ರ ಮಹಾಪೂರದಲ್ಲಿ ಮಂದಿಯನ್ನು ದಾಟಿಸಿದವರು ಬಂದು ಹೇಳಿರಿ. ಕನ್ನಡದಾಗ ಹೇಳ್ರಿ, ಮರಾಠಿಯಾಗ ಹೇಳ್ರಿ, ನಾ ಬರಕೋತೀನಿ. ಮೂರನೆಯದು ಹುಡುಗಿಯರ ಅಪ್ಪ-ಅವ್ವಂದಿರಿಗೆ. ಆರ್ಚಿಯ ಪಾತ್ರ ಎಲ್ಲರಿಗೂ ಬೇಕು, ಆದರೆ ತಾಲೀಮಿಗೆ ಮಗಳನ್ನು ಸಂಜೆ ಏಳಕ್ಕೆ ಕಳಿಸಿರಿ ಅಂದರೆ ಯಾರೂ ಕಳಿಸುವುದಿಲ್ಲ. ಈ ಸಲ ಕಳಿಸಬೇಕು. ಇಲ್ಲದಿದ್ದರೆ ಅಜ್ಜಿಯ ಪಾತ್ರವನ್ನೂ ಗಂಡು ಹುಡುಗರೇ ಮೀಸೆ ಬೋಳಿಸಿಕೊಂಡು ಮಾಡಬೇಕಾಗುತ್ತದೆ.

ಆ ಸಿನೆಮಾ ತೋರಿಸುವ ದಿನ ಪರದೆಯನ್ನು ಇದೇ ಕಟ್ಟೆಯ ಮೇಲೆ ಕಟ್ಟೋಣ. ಅಜ್ಜಿಯರ ಚಾಪೆ ಎಲ್ಲರಿಗಿಂತ ಮುಂದೆ ಹಾಸೋಣ. ನೋಡಿದ ಮೇಲೆ ನಮ್ಮ ಅಜ್ಜಿ ಮತ್ತೆ ಅದೇ ಪ್ರಶ್ನೆ ಕೇಳಲಿ, ಇದು ಯಾವೂರ ಕಥಿ ಅಂತ. ಆಗ ಉತ್ತರ ನಾನೊಬ್ಬಳೇ ಅಲ್ಲ, ನೀವೆಲ್ಲರೂ ಕೂಡಿ ಹೇಳಬೇಕು.